ನೇಕಾರ ಓಣಿಯ ಕಣ್ಣು ಕಾಣದ ಅಜ್ಜಿಯರು

ಚುನಾವಣಾ ಕರ್ತವ್ಯದ ಆದೇಶ ಕೈಗೆ ಬಂದ ದಿನ ಹೊಸ ಶಿಕ್ಷಕರು ಮೊದಲು ಹುಡುಕುವುದು ಅದನ್ನು ರದ್ದು ಮಾಡಿಸುವ ದಾರಿಯನ್ನು. ಈ ಸಲ ನಮ್ಮ ಪಕ್ಕದ ಮನೆಯ ರೇಖಾ ಬಂದಳು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ.

"ಅಕ್ಕೋರ, ಬಿಪಿ ಐತಿ ಅಂತ ಡಾಕ್ಟರ್ ಕಡಿಂದ ಬರಸ್ಕೊಂಡ ಹೋದ್ರ ಬಿಡ್ತಾರೇನ್ರಿ?"

"ನಿನಗ ಬಿಪಿ ಐತೇನು?"

"ಇಲ್ರಿ. ಆದ್ರ ಈ ಕಾಗದಾ ಓದಿದ ಮ್ಯಾಲೆ ಬಂದಿರಬೇಕ್ರಿ."

ನಕ್ಕು ಅವಳನ್ನು ಕೂರಿಸಿ, ಹೋಗು ಎಂದೆ. ಹೆದರುವಂಥದ್ದು ಏನೂ ಇಲ್ಲ ಎಂದು ಮಾತ್ರ ಹೇಳಲಿಲ್ಲ, ಏಕೆಂದರೆ ಅದು ಸುಳ್ಳು. ನಾನು ಸೇವೆಯಿಂದ ನಿವೃತ್ತಳಾಗಿ ಕೆಲವು ವರ್ಷಗಳಾದವು. ಇವತ್ತಿಗೂ ಯಾರಾದರೂ ಹೊರಬಾಗಿಲ ಚಿಲಕವನ್ನು ಜೋರಾಗಿ ಬಡಿದರೆ ನನ್ನ ಬಲಗೈ ಹೆಬ್ಬೆರಳು ತಾನಾಗಿಯೇ ಮುಂದೆ ಚಾಚಿ, ಇಲ್ಲದ ಗುಂಡಿಯೊಂದನ್ನು ಹುಡುಕುತ್ತದೆ. ಅದು ಯಾವ ಗುಂಡಿ, ನಾನೇಕೆ ಅದನ್ನು ಒತ್ತಲಿಲ್ಲ ಎಂಬುದನ್ನು ರೇಖಾಳಿಗೂ ಅವಳಂಥವರಿಗೂ ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ಬಿ.ಎಸ್ಸಿ., ಬಿ.ಎಡ್. ಮುಗಿಸಿ ನಾನು ಹೈಸ್ಕೂಲಿನ ಗಣಿತ ಶಿಕ್ಷಕಿಯಾದೆ. ಮೊದಲ ಕೆಲವು ವರ್ಷ ರೋಣದಲ್ಲಿ, ಆಮೇಲೆ ನಿವೃತ್ತಿಯವರೆಗೆ ಕೊಣ್ಣೂರಿನಲ್ಲಿ ಇದ್ದೆ. ನಾವು ಇರುವ ಕ್ಷೇತ್ರದಲ್ಲೇ ನಮಗೆ ಕರ್ತವ್ಯ ಹಾಕುವುದಿಲ್ಲ. ಹಾಗಾಗಿ ರೋಣದಲ್ಲಿದ್ದಾಗ ನರಗುಂದದ ಹಳ್ಳಿಗಳ ಮತಗಟ್ಟೆಗಳು, ಕೊಣ್ಣೂರಿಗೆ ಬಂದ ಮೇಲೆ ರೋಣ, ಗಜೇಂದ್ರಗಡದ ಕಡೆಯವು ನನ್ನ ಪಾಲಿಗೆ ಬರುತ್ತಿದ್ದವು.

ಆರಂಭದಲ್ಲಿ ನನ್ನದು ಬೆರಳಿಗೆ ಶಾಯಿ ಹಚ್ಚುವ ಕೆಲಸ. ಅದನ್ನು ಹಗುರವಾಗಿ ತಿಳಿಯಬೇಡಿ. ಒಂದೇ ದಿನದಲ್ಲಿ ಒಂದು ಊರಿನ ಎಲ್ಲರ ಕೈ ಹಿಡಿದು ನೋಡುವ ಅವಕಾಶ ಬೇರೆ ಯಾವ ನೌಕರಿಯಲ್ಲೂ ಇಲ್ಲ. ಎರಿಹೊಲದ ಕಪ್ಪು ಮಣ್ಣಿನಲ್ಲಿ ದುಡಿದವರ ಬೆರಳಿನ ಸೀಳುಗಳಲ್ಲಿ ಶಾಯಿ ಗೆರೆಗೆರೆಯಾಗಿ ಹರಿಯುತ್ತಿತ್ತು. ಕೂತಲ್ಲೇ ದಲ್ಲಾಳಿ ಮಾಡುವ ಅಡತಿ ಅಂಗಡಿಯವರ ಬೆರಳ ಮೇಲೆ ಬೊಟ್ಟಿನಂತೆ ಒಂದೆಡೆ ನಿಲ್ಲುತ್ತಿತ್ತು. ನೂಲಿಗೆ ಬಣ್ಣ ಹಾಕುವವರ ಬೆರಳಲ್ಲಿ ಮಾತ್ರ ನಮ್ಮ ಶಾಯಿ ಯಾವುದು, ಅವರ ಬಣ್ಣ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತಿತ್ತು.

ನರಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಎರಡು ಪಕ್ಷಗಳ ಏಜೆಂಟರಾಗಿ ಕುಳಿತವರು ಒಬ್ಬಳೇ ತಾಯಿಯ ಮಕ್ಕಳು. ಬೆಳಗಿನಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮಧ್ಯಾಹ್ನ ಮನೆಯಿಂದ ಒಂದೇ ಬುತ್ತಿ ಬಂತು.

"ಚಟ್ನಿ ಇತ್ತ ಸರಸು," ಎಂದ ಅಣ್ಣ.

"ನಿಮ್ಮ ಪಕ್ಷದಾಗ ಚಟ್ನಿ ಇಲ್ಲೇನು?" ಎಂದ ತಮ್ಮ.

"ಅವ್ವ ಮಾಡಿದ್ದಲೇ ಅದು. ಅವ್ವನ ಓಟು ನನಗ, ಚಟ್ನೀನೂ ನನಗ."

"ಅವ್ವ ನನಗ ಮಾತು ಕೊಟ್ಟಾಳ, ಕೇಳ ಹೋಗು!"

ಸಂಜೆ ಆ ತಾಯಿ ಬಂದಳು. ಶಾಯಿ ಹಚ್ಚುವಾಗ ನನ್ನ ಕಿವಿಯ ಹತ್ತಿರ ಬಾಗಿ, "ಇಬ್ಬರಿಗೂ ಹ್ಞೂಂ ಅಂದೇನ್ರಿ ಅಕ್ಕೋರ. ಎರಡೂ ನನ್ನ ಹೊಟ್ಟಿಯಾಗ ಹುಟ್ಟ್ಯಾವ," ಎಂದು ಮತಪತ್ರ ಹಿಡಿದು ಮರೆಗೆ ಹೋದಳು. ಬರುವಾಗ ಅವಳ ಮುಖದಲ್ಲಿದ್ದ ತುಂಟತನವನ್ನು ಕಂಡು, ಓಟು ಮೂರನೆಯವನಿಗೆ ಹೋಗಿರಬೇಕು ಎನಿಸಿತು. ನನ್ನ ಊಹೆ ಅಷ್ಟೆ. ಯಾರಿಗೂ ತಿಳಿಯಲಾರದ್ದು ಅದು, ತಿಳಿಯಬಾರದ್ದೂ ಹೌದು.

ನಮ್ಮ ಕಡೆ ಓಟನ್ನು ತಲೆಯ ಮೇಲೆ ಎಣಿಸುವುದಿಲ್ಲ, ಓಣಿಯ ಮೇಲೆ ಎಣಿಸುತ್ತಾರೆ. 'ಆ ಓಣಿ ಅವರದು, ಈ ಓಣಿ ಇವರದು' ಎಂದು ಚಹಾದಂಗಡಿಯಲ್ಲಿ ಕುಳಿತವರು ನಿಮಿಷದಲ್ಲಿ ಲೆಕ್ಕ ಮುಗಿಸಿಬಿಡುತ್ತಾರೆ. ಹಳ್ಳಿಗಳಲ್ಲಿ ಹೆಚ್ಚು ಹೊಲವಿದ್ದ ಮನೆತನದವರು, ಪೇಟೆಯಲ್ಲಿ ವ್ಯಾಪಾರಸ್ಥರು ಒಂದು ಕಡೆ ವಾಲಿದರೆ ಅವರಲ್ಲಿ ದುಡಿಯುವವರೂ ಆ ಕಡೆಗೇ ಎಂಬ ನಂಬಿಕೆ. ಮತಪತ್ರದ ಕಾಲದಲ್ಲಿ ಹಲವು ಪೆಟ್ಟಿಗೆಗಳ ಚೀಟಿ ಬೆರೆಸಿ ಎಣಿಸಿದಾಗ ಈ ನಂಬಿಕೆ ಖರೆಯೋ ಸುಳ್ಳೋ ತಿಳಿಯುತ್ತಲೇ ಇರಲಿಲ್ಲ. ಯಂತ್ರ ಬಂದಿತು. ಎಣಿಕೆ ಸುಲಭವಾಯಿತು, ಕುಲಗೆಟ್ಟ ಮತಗಳು ಇಲ್ಲವಾದವು. ಆದರೆ ಪ್ರತಿ ಮತಗಟ್ಟೆಯ ಅಂಕಿ ಬೇರೆ ಬೇರೆಯಾಗಿ ಹೊರಬಿತ್ತು. ಓಣಿಯ ಹೆಸರಿನಲ್ಲಿ ಮಾತು ಕೊಟ್ಟವರಿಗೆ ಆಗ ದಿಗಿಲು ಹುಟ್ಟಿತು. ಮಾತು ಉಳಿಯಿತೋ ಇಲ್ಲವೋ ಎಂದು ಈಗ ಎಲ್ಲರಿಗೂ ತಿಳಿಯುತ್ತದಲ್ಲ! ತರಬೇತಿಯಲ್ಲಿ ಇದನ್ನು ನಿಮಗೆ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿರಲಿಲ್ಲ.

ನಾನು ಮತಗಟ್ಟೆಯ ಅಧ್ಯಕ್ಷಾಧಿಕಾರಿಯಾಗಿ ಹೋದ ಮೊದಲ ಊರು ಗಜೇಂದ್ರಗಡದ ಹತ್ತಿರದ್ದು. ಮತಗಟ್ಟೆ ನೇಕಾರ ಓಣಿಯ ತುದಿಯ ಶಾಲೆಯಲ್ಲಿ. ಮಗ್ಗಗಳ ಸದ್ದು ಗೋಡೆಗೆ ಕಿವಿ ಇಟ್ಟಷ್ಟು ಹತ್ತಿರ. ಸೆಕ್ಟರ್ ಅಧಿಕಾರಿ, ಅಂದರೆ ನಮ್ಮಂಥ ಹತ್ತಾರು ಮತಗಟ್ಟೆಗಳ ಮೇಲೆ ಕಣ್ಣಿಡುವವರು, ಒಬ್ಬ ಇಂಜಿನಿಯರು. ಒಳ್ಳೆಯ ಮನುಷ್ಯ, ಆದರೆ ಗದ್ದಲವೆಂದರೆ ಆಗದು.

"ಅಕ್ಕೋರ, ಚಲೋ ಮತಗಟ್ಟಿ ಅಂದ್ರ ಯಾವುದು ಗೊತ್ತೇನ್ರಿ?" ಎಂದು ಯಂತ್ರ ಕೊಡುವಾಗಲೇ ಕೇಳಿದ್ದರು. "ನನಗ ಫೋನ್ ಬರದಂಥಾದ್ದು."

ಆ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಮತದಾನದ ದಿನ ಹಿರಿಯರಾದ ಈರಪ್ಪಜ್ಜ ಬಂದು ಮೊದಲ ಓಟು ಹಾಕುವ ತನಕ ಯಾರೂ ಸಾಲಿಗೆ ನಿಲ್ಲುವುದಿಲ್ಲ. ಹಿಂದಿನ ದಿನವೇ ಅವರು ಕಟ್ಟೆಯ ಮೇಲೆ ಕುಳಿತು 'ಓಣಿ ಮಾತು' ಹೇಳಿರುತ್ತಾರೆ. ಯಾವ ಗುರುತಿಗೆ ಎಂಬುದು ಅಲ್ಲಿಗೆ ತೀರ್ಮಾನ. ಅಭ್ಯರ್ಥಿಗಳು ಕಟ್ಟೆಯ ತನಕ ಬಂದರೆ ಸಾಕಿತ್ತು, ಓಣಿಯೊಳಗೆ ಕಾಲಿಡುವ ಅಗತ್ಯವೇ ಇರಲಿಲ್ಲ. ಅಜ್ಜನಂತೂ ಗಂಭೀರ, ಸೌಮ್ಯ. ಮಾತು ನಡೆಸಿಕೊಡುವ ಹೊಣೆ ಅವರ ಮಗ ಬಸವರಾಜನದು.

ಅಂದು ಹತ್ತು ಗಂಟೆಯ ಹೊತ್ತಿಗೆ ಬಸವರಾಜ ಒಬ್ಬ ಅಜ್ಜಿಯ ಕೈ ಹಿಡಿದು ಒಳಗೆ ಬಂದ. "ಕಣ್ಣ ಕಾಣ್ಸೂದಿಲ್ರಿ. ಗುರುತು ತಿಳಿಯೂದಿಲ್ಲ. ನಾ ಕೂಡ ಬರ್ತೇನ್ರಿ," ಎಂದ. ಕಣ್ಣಿಲ್ಲದವರಿಗೆ ಒಬ್ಬ ಸಂಗಾತಿಯನ್ನು ಕರೆತರಲು ನಿಯಮದಲ್ಲಿ ಅವಕಾಶವಿದೆ. ಬರೆದುಕೊಂಡೆ, ಇಬ್ಬರನ್ನೂ ಮರೆಯೊಳಗೆ ಬಿಟ್ಟೆ; ಗುಂಡಿ ಒತ್ತಿದವನು ಅವನೇ ಇರಬೇಕು. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಅಜ್ಜಿ. ಆಮೇಲೆ ಮತ್ತೊಬ್ಬರು. ಒಬ್ಬ ವ್ಯಕ್ತಿ ಒಬ್ಬರಿಗೆ ಮಾತ್ರ ಸಂಗಾತಿಯಾಗಬಹುದು ಎಂಬ ನಿಯಮ ನನಗೆ ಬಾಯಿಪಾಠವಿತ್ತು. ಹೇಳಲು ಬಾಯಿ ತೆರೆದೆ ಕೂಡ. ಬಸವರಾಜ ನನ್ನನ್ನು ಸುಮ್ಮನೆ ನೋಡಿದ. ಬಾಗಿಲಲ್ಲಿ ಅವನ ಕಡೆಯವರು ಐದಾರು ಜನ ನಿಂತಿದ್ದರು. ಫೋನ್ ಬರದ ಮತಗಟ್ಟೆ ನೆನಪಾಯಿತು. ಬೇರೆಯವರ ಹೆಸರನ್ನು ಸಂಗಾತಿಯೆಂದು ತೋರಿಸಿ, ಎಲ್ಲ ಅಜ್ಜಿಯರನ್ನೂ 'ದೃಷ್ಟಿದೋಷ' ಎಂದು ಬರೆದು ಮುಗಿಸಿದೆ. ಸಂಜೆ ಯಂತ್ರ ಒಪ್ಪಿಸುವಾಗ ಸೆಕ್ಟರ್ ಅಧಿಕಾರಿಗಳು, "ಭೇಷ್, ಒಂದ ಫೋನ್ ಇಲ್ಲ!" ಎಂದು ಹೊಗಳಿದರು. ನನ್ನ ಸೇವೆಯಲ್ಲಿ ನನಗೆ ಸಿಕ್ಕ ಅತ್ಯಂತ ಕೆಟ್ಟ ಹೊಗಳಿಕೆ ಅದು.

ಎರಡು ವರ್ಷದ ಮೇಲೆ ತಂಗಿಯ ಮಗಳ ಮದುವೆಗೆ ಸೀರೆ ತರಲು ಅದೇ ಓಣಿಗೆ ಹೋದೆ. ಒಂದು ಮನೆಯಲ್ಲಿ ನೆಲದಲ್ಲಿ ತೋಡಿದ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಒಬ್ಬ ಅಜ್ಜಿ ನೇಯುತ್ತಿದ್ದಳು. ಹೆಸರು ಸಂಗವ್ವ. ನಾನು ನೋಡುತ್ತಿದ್ದಂತೆ ಒಂದು ಎಳೆ ಹರಿಯಿತು. ಕಿಟಕಿಯ ಬೆಳಕಿಗೆ ನನಗಂತೂ ಆ ಎಳೆ ಕಾಣಲೇ ಇಲ್ಲ. ಅವಳು ಅದರ ಎರಡು ತುದಿ ಹುಡುಕಿ, ಬೆರಳ ತುದಿಯಲ್ಲಿ ಹೊಸೆದು, ಗಂಟು ಹಾಕಿ, ಲಾಳಿ ಎಸೆದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

"ಓಟಿಗೆ ಬಂದಿದ್ದ ಅಕ್ಕೋರಲ್ಲೇನ್ರಿ ನೀವು?"

ನನಗೆ ಗುರುತು ಹತ್ತಿತು. ಬಸವರಾಜ ಮೊದಲು ಕೈ ಹಿಡಿದು ತಂದವಳು ಇವಳೇ.

"ಅಜ್ಜಿ, ನಿಮಗ ಕಣ್ಣು ಕಾಣ್ಸೂದಿಲ್ಲ ಅಂದಿದ್ರಲ್ಲ?"

"ನಾ ಎಲ್ಲೆ ಅಂದ್ನಿ? ಬಸ್ಯಾ ಅಂದಾ. ನೀವು ಬರಕೊಂಡ್ರಿ." ಲಾಳಿ ಆ ಕಡೆಯಿಂದ ಈ ಕಡೆಗೆ ಬಂತು. "ನೀವು ನನ್ನ ಮಾರಿ ನೋಡಿ ಒಂದ ಮಾತು ಕೇಳಲಿಲ್ಲಲ್ರಿ, ಅಕ್ಕೋರ."

ಸಿಟ್ಟಿನಿಂದ ಹೇಳಿದ್ದಲ್ಲ. ಹರಿದ ಎಳೆಯನ್ನು ತೋರಿಸುವಷ್ಟೇ ಸಹಜವಾಗಿ ಹೇಳಿದಳು. ಸೀರೆ ಕೊಂಡು ಬಸ್ ಹತ್ತಿದೆ. ರೋಣ ದಾಟುವ ತನಕ ಮಡಿಲಲ್ಲಿದ್ದ ಸೀರೆಯ ಗಂಟನ್ನು ಬಿಚ್ಚಿ ನೋಡಲು ಮನಸ್ಸಾಗಲಿಲ್ಲ.

ಮುಂದಿನ ವಿಧಾನಸಭೆ ಚುನಾವಣೆಯಲ್ಲಿ ಮತಗಟ್ಟೆ ಹಂಚುವ ಕಂಪ್ಯೂಟರ್ ನನ್ನನ್ನು ಮತ್ತೆ ಅದೇ ಶಾಲೆಗೆ ಕಳಿಸಿತು. ಸೆಕ್ಟರ್ ಅಧಿಕಾರಿಯೂ ಅವರೇ. ಹಾಳೆಯಲ್ಲಿ ಊರಿನ ಹೆಸರು ಓದಿ ನನಗೆ ಬಂದದ್ದು ಹೆದರಿಕೆಯಲ್ಲ. ಪರೀಕ್ಷೆಯಲ್ಲಿ ನಪಾಸಾದವರಿಗೆ ಅದೇ ಪ್ರಶ್ನೆಪತ್ರಿಕೆ ಇನ್ನೊಮ್ಮೆ ಸಿಕ್ಕರೆ ಹೇಗಾಗಬಹುದೋ ಹಾಗಾಯಿತು.

ಅಂದು ಬೆಳಿಗ್ಗೆ ಈರಪ್ಪಜ್ಜ ಬಂದರು, ಓಟು ಹಾಕಿದರು, ಕೈ ಮುಗಿದು ಹೋದರು. ಗಂಡಸರ ಸಾಲು ಮಧ್ಯಾಹ್ನದವರೆಗೆ ನಡೆಯಿತು. ಮೂರು ಗಂಟೆಗೆ ಬಸವರಾಜ ಸಂಗವ್ವನ ಕೈ ಹಿಡಿದು ಬಂದ. ಹಿಂದೆ ನಾಲ್ಕು ಜನ ಅಜ್ಜಿಯರು.

"ಕಣ್ಣ ಕಾಣ್ಸೂದಿಲ್ರಿ ಇವರಿಗೆ," ಎಂದ.

ನಾನು ಎದ್ದು ನಿಂತು, ಅವನನ್ನು ಬಿಟ್ಟು, ಅವಳ ಮುಖ ನೋಡಿದೆ. "ಅಜ್ಜಿ, ನಿಮಗ ಕಣ್ಣು ಕಾಣ್ತಾವೇನ್ರಿ?"

ಸಂಗವ್ವ ಉತ್ತರಿಸುವ ಮೊದಲೇ ಬಸವರಾಜ ನಕ್ಕ. "ಹೋದ ಸಲ ನೀವ ಕುರುಡಿ ಅಂತ ಬರಕೊಂಡೀರಿ. ಈಗ ಕಣ್ಣು ಬಂದ್ವೇನ್ರಿ ಆಕಿಗೆ? ಯಾವ ದವಾಖಾನಿ ಅದು, ನಮಗೂ ಹೇಳ್ರಿ." ಏಜೆಂಟರು ನಕ್ಕರು. ನನ್ನ ಸಿಬ್ಬಂದಿಯೂ ತಲೆ ತಗ್ಗಿಸಿ ನಕ್ಕರು.

"ಹೋದ ಸಲ ನಾ ತಪ್ಪು ಮಾಡಿದೆ," ಎಂದೆ. ಎಲ್ಲರಿಗೂ ಕೇಳುವಂತೆಯೇ ಎಂದೆ. "ಈ ಸಲ ಮಾಡೂದಿಲ್ಲ. ನೀವು ಹೊರಗ ನಡೀರಿ."

ಬಾಗಿಲಲ್ಲಿ ಕಾವಲಿದ್ದ ಪೇದೆ ಅವನನ್ನು ಹೊರಗೆ ಕರೆದೊಯ್ದ. ಅಷ್ಟೇ ಆದದ್ದು. ಆಮೇಲೆ ಎಷ್ಟು ಬೇಗ ಏನೇನಾಯಿತು ಎಂಬುದನ್ನು ನಾನು ಎಷ್ಟು ಸಲ ನೆನೆದರೂ ಕ್ರಮವಾಗಿ ಜೋಡಿಸಲು ಆಗುವುದಿಲ್ಲ. 'ನಮ್ಮ ಓಣಿ ಓಟು ಕೆಡಸಾಕತ್ತಾಳ' ಎಂಬ ಕೂಗು. ಇನ್ನೊಂದು ಪಕ್ಷದವರೂ ಓಡಿಬಂದರು. ಪೇದೆ ಒಳಗೆ ಹಾರಿ ಬಾಗಿಲ ಚಿಲಕ ಹಾಕಿದ. ಕಲ್ಲು ಬಿದ್ದು ಹಂಚು ಒಡೆದು, ಚೂರು ನನ್ನ ಮೇಜಿನ ಮೇಲೆ, ಮತದಾರರ ಪಟ್ಟಿಯ ಮೇಲೆ ಬಿತ್ತು. ಆಮೇಲೆ ಬಾಗಿಲಿಗೆ ಕಬ್ಬಿಣದ ಏಟು ಬೀಳತೊಡಗಿತು. ಯಾರೋ ಹಾರೆ ತಂದಿದ್ದರು. ಧಡ್, ಧಡ್. ಒಂದೊಂದು ಏಟಿಗೂ ಚಿಲಕದ ಮೊಳೆ ಕಟ್ಟಿಗೆಯಿಂದ ಒಂದಿಷ್ಟು ಹೊರಗೆ ಬರುತ್ತಿದ್ದುದು ಕಾಣುತ್ತಿತ್ತು. "ಮಷಿನ್ ಕೊಡ್ರಿ ಇಲ್ಲೆ!" ಎಂಬ ಬಸವರಾಜನ ದನಿ.

ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿದೆ.

"ಅರ್ಧಾ ತಾಸು ಹ್ಯಾಂಗರ ತಡೀರಿ ಅಕ್ಕೋರ. ಪೊಲೀಸರನ್ನ ಕರಕೊಂಡ ಬರ್ತೇನಿ. ಹೆಚ್ಚಾತು ಅಂದ್ರ ಕ್ಲೋಸ್ ಒತ್ತಿಬಿಡ್ರಿ."

ಅಧ್ಯಕ್ಷಾಧಿಕಾರಿಯ ಮೇಜಿನ ಮೇಲಿನ ಕಂಟ್ರೋಲ್ ಯೂನಿಟ್ಟಿನಲ್ಲಿ ರಬ್ಬರ್ ಮುಚ್ಚಳದ ಕೆಳಗೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮತದಾನ ಅಲ್ಲಿಗೆ ಮುಗಿಯಿತು. ಯಾರು ಯಂತ್ರ ಕಸಿದುಕೊಂಡರೂ ಮುಂದೆ ಒಂದೂ ಕಳ್ಳ ಓಟು ಹಾಕಲಾರರು. ಮತಗಟ್ಟೆಗೆ ನುಗ್ಗಿದರೆ ಒತ್ತಬೇಕೆಂದೇ ನಿಯಮ. ಮುಚ್ಚಳ ತೆಗೆದು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟೆ. ಒತ್ತಿದರೆ ನಾನು ನಿರಾಳ, ನಿಯಮದ ಪ್ರಕಾರವೂ ಸರಿ. ಆದರೆ ಓಣಿಯ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ಇನ್ನೂ ಬಂದೇ ಇರಲಿಲ್ಲ. ಮರುಮತದಾನವಾದರೆ ಬಸವರಾಜನ ಕಾವಲು ಇನ್ನೂ ಬಿಗಿಯಾಗುತ್ತದೆ.

ಬಾಗಿಲಿನ ಏಟಿಗೆ ಬೆಚ್ಚಿ ಗುಂಡಿ ಒತ್ತಿಹೋದೀತು ಎಂದು ಎಡಗೈಯಿಂದ ಬಲಗೈ ಹಿಡಿದುಕೊಂಡೆ.

"ಅಕ್ಕೋರ," ಎಂದಳು ಸಂಗವ್ವ. ಗೋಡೆಗೆ ಒರಗಿ ನಿಂತಿದ್ದಳು. "ಅದನ್ನ ಒತ್ತಿದ್ರ ಏನಾಗತೈತ್ರಿ?"

"ಓಟು ಬಂದ್ ಆಗತೈತಿ, ಅಜ್ಜಿ."

"ಹಂಗಾರ ಒತ್ತಬ್ಯಾಡ್ರಿ. ನಂದಿನ್ನೂ ಆಗಿಲ್ಲ."

ಹೀಗೆಂದವಳೇ ಕಿಟಕಿಯ ಹತ್ತಿರ ಹೋದಳು. ಬೇಡ ಎನ್ನುವಷ್ಟರಲ್ಲಿ ಸರಳು ಹಿಡಿದು ನಿಂತಿದ್ದಳು.

"ಏ ಬಸ್ಯಾ! ನಿನ್ನ ತೊಟ್ಟಲಾಗ ಹಾಕಿದಾಕಿ ನಾನು. ನಿನ್ನ ಲಗ್ನದ ಸೀರಿ ನೇಯ್ದಾಕಿ ನಾನು. ಹೋದ ವಾರ ನಿನ್ನ ಮಗ್ಗದಾಗ ಎಳಿ ಹರದಾಗ ಯಾರನ್ನ ಕರದಿ? ಈ ಕುರುಡೀನ್ನ ಕರದೀಯಲ್ಲೋ! ಎಳಿ ಕಟ್ಟಾಕ ಕಣ್ಣು ಅದಾವು, ಓಟು ಹಾಕಾಕ ಇಲ್ಲೇನು?"

ಹೊರಗೆ ಯಾರೋ ನಕ್ಕರು. ಹೆಣ್ಣು ನಗೆ ಅದು. ಅದರ ಹಿಂದೆ ಇನ್ನೊಂದು. ಆಗ ನನಗೆ ಅರಿವಾಯಿತು: ಬೆಳಗಿನಿಂದ ಗೋಡೆಯಾಚೆ ಕೇಳುತ್ತಿದ್ದ ಮಗ್ಗಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು. ಆ ಓಣಿ ಅಷ್ಟು ಮೌನವಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹಾರೆಯ ಏಟು ಮತ್ತೊಮ್ಮೆ ಬಿತ್ತು, ಆದರೆ ಮೊದಲಿನ ಬಲವಿರಲಿಲ್ಲ.

ಬಾಗಿಲಿಗೆ ತೀರ ಹತ್ತಿರದಿಂದ ಒಂದು ದನಿ ಬಂತು. ಬಸವರಾಜನ ಹೆಂಡತಿ ಶಾಂತವ್ವನದೆಂದು ಸಂಗವ್ವ ಪಿಸುಗುಟ್ಟಿದಳು.

"ಹಾರಿ ಇತ್ತ ಕೊಡ್ರಿ."

"ನೀ ಮನಿಗೆ ನಡಿ."

"ಮಗ್ಗದ ಕುಣಿ ತೋಡಾಕ ನಮ್ಮಪ್ಪ ಕೊಟ್ಟ ಹಾರಿ ಅದು. ಸಾಲಿ ಬಾಗಲಾ ಮುರಿಯಾಕಲ್ಲ. ಕೊಡ್ರಿ. ನನ್ನ ಓಟೂ ಇನ್ನೂ ಆಗಿಲ್ಲ."

ನನ್ನ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು. ಆಮೇಲೆ ಕಬ್ಬಿಣವನ್ನು ಕಲ್ಲಿನ ಮೇಲೆ ಎಳೆದುಕೊಂಡು ಹೋಗುವ ಸದ್ದು ಕೇಳಿತು. ಅದು ದೂರ ದೂರ ಹೋಯಿತು. ಪೇದೆ ಕಿಟಕಿಯಿಂದ ಇಣುಕಿ, "ಅಕ್ಕೋರ, ಹೆಣ್ಮಕ್ಕಳು ತಾವ ಪಾಳೆ ಹಚ್ಯಾರ್ರಿ!" ಎಂದ. ನೋಡಿದೆ. ಶಾಲೆಯ ಗೋಡೆಯುದ್ದಕ್ಕೂ ನೂಲಿನ ಎಳೆ ಅಂಟಿದ ಸೀರೆಗಳಲ್ಲಿ, ನೇಯುವುದನ್ನು ಅರ್ಧಕ್ಕೆ ಬಿಟ್ಟು ಬಂದ ಹೆಂಗಸರು ಸಾಲು ನಿಂತಿದ್ದರು. ಗಂಡಸರು ಕಟ್ಟೆಯವರೆಗೆ ಹಿಂದೆ ಸರಿದಿದ್ದರು. ಬಸವರಾಜ ಒಬ್ಬನೇ ಗೇಟಿನ ಬಳಿ ಖಾಲಿ ಕೈಯಲ್ಲಿ ನಿಂತಿದ್ದ. ಪೊಲೀಸ್ ಜೀಪು ಬಂದದ್ದು ಇದಾದ ಮೇಲೆ.

ಮುಚ್ಚಳವನ್ನು ಗುಂಡಿಗೆ ತಿರುಗಿ ಹಾಕಿ, "ಬರ್ರಿ ಅಜ್ಜಿ," ಎಂದೆ. ಸಂಗವ್ವ ಒಬ್ಬಳೇ ಮರೆಯೊಳಗೆ ಹೋದಳು. ತಡಮಾಡಿದಳು. ಎಲ್ಲ ಗುರುತುಗಳನ್ನೂ ಮೇಲಿನಿಂದ ಕೆಳಗೆ ನೋಡುತ್ತಿದ್ದಾಳೆ ಎಂದುಕೊಂಡೆ, ಮೊದಲ ಸಲ ನೋಡುತ್ತಿರುವವರಂತೆ. ಆಮೇಲೆ ಆ ಉದ್ದನೆಯ 'ಬೀಪ್'. ಅಂದಿನಿಂದ ಇಂದಿನವರೆಗೆ ಅಷ್ಟು ಇಂಪಾದ ಸದ್ದನ್ನು ನನ್ನ ಕಿವಿ ಕೇಳಿಲ್ಲ.

ಸಂಜೆ ಸಮಯ ಮುಗಿದಾಗಲೂ ಸಾಲು ಉದ್ದವಿತ್ತು. ಸಾಲಿನಲ್ಲಿರುವವರಿಗೆಲ್ಲ ಸಹಿ ಮಾಡಿದ ಚೀಟಿ ಕೊಡಬೇಕು, ಅದೂ ಕೊನೆಯವರಿಂದ ಮೊದಲುಮಾಡಿ, ಹೊಸಬರು ಸೇರದಂತೆ. ನಾನೇ ಹೋಗಿ ಕೊಟ್ಟೆ. ಕೊನೆಯಲ್ಲಿ ನಿಂತವಳು ಶಾಂತವ್ವ. "ಎಲ್ಲಾರೂ ಮುಗಸ್ಲಿ ಅಂತ ನಿಂತೇನ್ರಿ," ಎಂದಳು. ಆ ದಿನ ಒಬ್ಬರೂ 'ಕಣ್ಣು ಕಾಣ್ಸೂದಿಲ್ಲ' ಎಂದು ಬರೆಸಲಿಲ್ಲ. ನಿಜವಾಗಿ ಕಣ್ಣು ಹೋಗಿದ್ದ ಒಬ್ಬ ಮುದುಕಪ್ಪ ಮಾತ್ರ ತನ್ನ ಸೊಸೆಯೊಂದಿಗೆ ಬಂದ. ಅವನನ್ನು ಕೇಳಿ, ನೋಡಿ, ಬರೆದುಕೊಂಡೆ.

ಎಲ್ಲವನ್ನೂ, ಹಿಂದಿನ ಸಲದ ನನ್ನ ತಪ್ಪನ್ನೂ ಸೇರಿಸಿ, ವರದಿ ಮಾಡಿದೆ. ಮೇಲಿನವರು ಕರೆಸಿ ಗದರಿದರು. ಸೆಕ್ಟರ್ ಅಧಿಕಾರಿ ಹೊರಗೆ ಬಂದ ಮೇಲೆ, "ಈ ಸಲ ಫೋನ್ ಬಂತು ಖರೇ, ಆದ್ರೂ ಚಲೋ ಮತಗಟ್ಟೀನ ಆತು ಬಿಡ್ರಿ," ಎಂದರು. ಬಸವರಾಜನ ಮೇಲೆ ಪ್ರಕರಣ ನಡೆಯಿತು. ಎಣಿಕೆಯ ದಿನ ಆ ಮತಗಟ್ಟೆಯ ಅಂಕಿ ಹೊರಬಿದ್ದಾಗ ಚಹಾದಂಗಡಿಯ ಲೆಕ್ಕಿಗರು ತಬ್ಬಿಬ್ಬಾದರಂತೆ. ಒಂದೇ ಕಡೆಗೆ ಎಂದಿದ್ದ ಓಣಿ ಮೂರು ಕಡೆಗೆ ಹಂಚಿಹೋಗಿತ್ತು. ಯಾರು ಗೆದ್ದರು ಎಂಬುದು ಇಲ್ಲಿ ಮುಖ್ಯವಲ್ಲ. ಈರಪ್ಪಜ್ಜ ಅದಾದ ಮೇಲೆ ಓಣಿ ಮಾತು ಹೇಳುವುದನ್ನು ಬಿಟ್ಟರಂತೆ. "ನನ್ನ ಮನ್ಯಾಗಿನ ಓಟ ನನಗ ತಿಳೀಲಿಲ್ಲ, ಓಣೀದು ಏನ ಹೇಳ್ಲಿ?" ಎಂದು ನಕ್ಕರಂತೆ.

ಇಷ್ಟು ಬರೆದದ್ದನ್ನು ಓದಿ ಹೇಳಿದಾಗ ರೇಖಾ, "ಮುಂದ ಆ ಅಜ್ಜಿ ಏನಾದ್ಲು?" ಎಂದಳು.

ನಿವೃತ್ತಿಯ ನಂತರ ಬಂದ ಚುನಾವಣೆಯ ಹೊತ್ತಿಗೆ ನಾನು ಸೀರೆಯ ನೆಪ ಮಾಡಿಕೊಂಡು ಆ ಓಣಿಗೆ ಹೋಗಿದ್ದೆ. ಸಂಗವ್ವ ಅದೇ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ನಾವು ಮಾತಾಡುತ್ತಿರುವಾಗಲೇ ಹೊರಗೆ ಗದ್ದಲವಾಗಿ, ಒಬ್ಬ ಅಭ್ಯರ್ಥಿ ಹಾರ ಹಾಕಿಕೊಂಡೇ ತಲೆ ಬಗ್ಗಿಸಿ ಆ ಗಿಡ್ಡ ಬಾಗಿಲೊಳಗೆ ಬಂದ. ಕಟ್ಟೆಯವರೆಗೆ ಬಂದು ತಿರುಗುತ್ತಿದ್ದವರು ಈಗ ಮನೆ ಮನೆ ಹೊಕ್ಕು ಮಗ್ಗದ ಬದಿಯಲ್ಲಿ ನೆಲದ ಮೇಲೆ ಕೂರಬೇಕಾಗಿತ್ತು.

"ಕೂಡ್ರಿ," ಎಂದಳು ಸಂಗವ್ವ, ಲಾಳಿ ನಿಲ್ಲಿಸದೆ. "ಈ ಸೆರಗು ಮುಗಿಯೂ ತನಾ ಏನ ಮಾಡ್ತೀರಿ ಹೇಳ್ರಿ."

ಅವನು ನೀರಿನ ವಿಷಯ, ನೂಲಿನ ದರದ ವಿಷಯ ಬಹಳ ಹೊತ್ತು ಹೇಳಿದ. ಅವಳು ಎರಡು ಪ್ರಶ್ನೆ ಕೇಳಿದಳು, ಎರಡಕ್ಕೂ ಅವನು ತೊದಲಿದ. ಏಳುವಾಗ ಕೈ ಮುಗಿದು, "ಹಂಗಾರ ಅಜ್ಜೀ, ನಿಮ್ಮ ಓಟು ನಮಗ ಹೌದಲ್ರಿ?" ಎಂದ.

ಅಷ್ಟರಲ್ಲಿ ಒಂದು ಎಳೆ ಹರಿದಿತ್ತು. ಸಂಗವ್ವ ಅದರ ಎರಡು ತುದಿಗಳನ್ನು ಹುಡುಕಿ ತೆಗೆದಳು, ಕಿಟಕಿಯ ಬೆಳಕಿಗೆ ಹಿಡಿದಳು, ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕಿದಳು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಅವನಿಗೆ ಹೇಳಿದಳು:

"ಏನ ಹೇಳ್ಲೆಪಾ, ಕಣ್ಣ ಕಾಣ್ಸೂದಿಲ್ಲ ನನಗ. ಯಾವ ಗುಂಡಿ ಒತ್ತತೇನೋ, ಯಾರಿಗೊತ್ತು!"